ಬೆಲೆ ಏರಿಸಿದಷ್ಟೂ ವ್ಯಾಪಾರ ಜಾಸ್ತಿ ಅಂತ ರಿಗ್ರೆಶನ್ ಹೇಳ್ತಿದೆ, ಎಲ್ಲಿ ತಪ್ಪಿದೆ?

ಗಾಣದಂಗಡಿ:
ಎಂಬಿಎ ಓದುತ್ತಿದ್ದೇನೆ. ಮಂಡ್ಯದಲ್ಲಿ ನಮ್ಮದೊಂದು ಕಬ್ಬಿನ ಹಾಲಿನ ಅಂಗಡಿ ಇದೆ. ಪ್ರಾಜೆಕ್ಟ್‌ಗೆ ಅಂತ ಅಪ್ಪನ ಲೆಕ್ಕದ ಪುಸ್ತಕದಿಂದ ಎಂಟು ತಿಂಗಳ ವ್ಯಾಪಾರ ಎಕ್ಸೆಲ್‌ಗೆ ಹಾಕಿದೆ: ದಿನಕ್ಕೆ ಎಷ್ಟು ಗ್ಲಾಸ್, ಬೆಲೆ ಎಷ್ಟು. ಎರಡರ ಸಂಬಂಧವನ್ನು ಒಂದು ರೇಖೆಯಾಗಿ ಲೆಕ್ಕ ಹಾಕುವ ರಿಗ್ರೆಶನ್ ಮಾಡಿದರೆ ಬೆಲೆಯ ಗುಣಾಂಕ +4.5 ಬಂತು! ಒಂದು ರೂಪಾಯಿ ಏರಿಸಿದರೆ ನಾಲ್ಕೂವರೆ ಗ್ಲಾಸ್ ಜಾಸ್ತಿಯಂತೆ. ಮೂರು ಸಲ ನೋಡಿದೆ, ಸೂತ್ರ ಸರಿಯಾಗಿಯೇ ಇದೆ.

ಹಳೇ ಲೆಕ್ಕಿಗ:
ಬೆಲೆ ಯಾವಾಗ ಏರಿಸುತ್ತೀರಿ?

ಗಾಣದಂಗಡಿ:
ಶಿವರಾತ್ರಿ ಕಳೆದ ಮೇಲೆ 30. ಮಳೆ ಹಿಡಿದರೆ 20ಕ್ಕೆ ಇಳಿಸುತ್ತೇವೆ ಸಾರ್.

ಹಳೇ ಲೆಕ್ಕಿಗ:
ಸಿಕ್ಕಿತಲ್ಲ! ಜನ ಕುಡಿದದ್ದು ಬಿಸಿಲಿಗೆ, ಹೆಸರು ಬಂದದ್ದು ಬೆಲೆಗೆ. ಬೇಜಾರಾಗಬೇಡಿ, ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ 1914ರಲ್ಲಿ ಬೀಡುಕಬ್ಬಿಣದ ಬೇಡಿಕೆ ಲೆಕ್ಕ ಹಾಕಿ ಇದೇ ಥರ ಮೇಲಕ್ಕೆ ಹೋಗುವ ರೇಖೆ ಕಂಡುಹಿಡಿದಿದ್ದರು. ದಿನದ ಗರಿಷ್ಠ ಉಷ್ಣಾಂಶದ ಕಾಲಂ ಒಂದು ಸೇರಿಸಿ. ಇನ್ನೊಂದು, ನಾಲ್ಕು ಗಂಟೆಗೇ ಕಬ್ಬು ಮುಗಿದು ಬಾಗಿಲು ಹಾಕಿದ ದಿನಗಳಿದ್ದರೆ ಬೇರೆ ಇಡಿ. ಆ ದಿನದ ಅಂಕಿ ಬೇಡಿಕೆಯದ್ದಲ್ಲ, ನಿಮ್ಮ ಹತ್ತಿರ ಇದ್ದ ಕಬ್ಬಿನದ್ದು.

ಗಾಣದಂಗಡಿ:
ಹನ್ನೊಂದು ದಿನ ಹಾಗಿತ್ತು, ತೆಗೆದೆ. ಈಗ ಹೀಗೆ ಬಂತು:
ಗ್ಲಾಸ್ = −165 − 6 × ಬೆಲೆ + 15 × ಉಷ್ಣಾಂಶ
ಚಿಹ್ನೆ ಸರಿಹೋಯಿತು. ಆದರೆ ಬೆಲೆಯ ಪಿ-ವ್ಯಾಲ್ಯೂ 0.21, ಅಂದರೆ ಬೆಲೆಯಿಂದ ಏನೂ ಪರಿಣಾಮ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಗುಣಾಂಕ ಬರುವ ಸಾಧ್ಯತೆ ನೂರಕ್ಕೆ 21. ಗೈಡ್ ಒಪ್ಪಲ್ಲ.

ಹಳೇ ಲೆಕ್ಕಿಗ:
ಒಪ್ಪಬಾರದು ಕೂಡ. ಬೆಲೆ ಮತ್ತು ಬಿಸಿಲು ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದಿವೆ. ಯಾವುದು ಎಷ್ಟು ಎಳೆಯಿತು ಅಂತ ಎಕ್ಸೆಲ್‌ಗೆ ಹೇಗೆ ಗೊತ್ತಾಗಬೇಕು? ಬೇಸಿಗೆಯಲ್ಲೇ ಒಂದು ವಾರ 25, ಒಂದು ವಾರ 30 ಮಾಡಿ. ದಿನ ಬಿಟ್ಟು ದಿನ ಬೇಡ, ‘ನಿನ್ನೆ ಇಪ್ಪತ್ತೈದು ಇತ್ತಲ್ಲ’ ಅಂತ ಜಗಳ ಬರುತ್ತೆ.

ಆ ಪ್ರಯೋಗದಲ್ಲೂ ಬೆಲೆಯ ಗುಣಾಂಕ −6 ನಿಂತರೆ ಮುಂದಿನ ಲೆಕ್ಕ ನೋಡಿ. 35 ಡಿಗ್ರಿ ದಿನ ಗ್ಲಾಸ್ = 360 − 6 × ಬೆಲೆ. 30 ರೂಪಾಯಿಗೆ 180 ಗ್ಲಾಸ್, ಗಲ್ಲಾಕ್ಕೆ 5,400. ಇದಕ್ಕಿಂತ ಜಾಸ್ತಿ ಗಲ್ಲಾ ತುಂಬಲ್ಲ, ಸ್ಥಿತಿಸ್ಥಾಪಕತ್ವ ಸರಿಯಾಗಿ −1, ಅಂದರೆ ಬೆಲೆ ನೂರಕ್ಕೆ ಒಂದು ಏರಿದರೆ ಗ್ಲಾಸೂ ನೂರಕ್ಕೆ ಒಂದು ಇಳಿಯುತ್ತೆ. ಆದರೆ ಲಾಭ ಬೇರೆ. ಕಬ್ಬು, ಐಸ್, ನಿಂಬೆ, ಕಪ್ ಸೇರಿ ಗ್ಲಾಸಿಗೆ 10 ರೂಪಾಯಿ ಅಂತಿಟ್ಟುಕೊಳ್ಳಿ. 30ಕ್ಕೆ ಲಾಭ 3,600. 35ಕ್ಕೆ 150 ಗ್ಲಾಸ್, ಲಾಭ 3,750. ದಿನಕ್ಕೆ 150 ರೂಪಾಯಿಗೋಸ್ಕರ 30 ಗಿರಾಕಿಗಳನ್ನು ಪಕ್ಕದ ಗಾಡಿಗೆ ಕಳಿಸಬೇಕಾ? ನಾನಾಗಿದ್ದರೆ ಇಲ್ಲ. ಅದೂ ಅಲ್ಲದೆ ನೀವು 35 ಯಾವತ್ತೂ ಮಾಡಿಲ್ಲ, ರೇಖೆ ಅಲ್ಲಿಯವರೆಗೆ ನೆಟ್ಟಗೇ ಹೋಗುತ್ತೆ ಅನ್ನುವುದು ಬರೀ ಊಹೆ.

ಟೀ ಕ್ಯಾಂಟೀನ್:
ಮಧ್ಯೆ ಬಾಯಿ ಹಾಕ್ತೀನಿ. ಬೆಲೆ ಏರಿಸೋ ಬದಲು ಎರಡನೇ ಗ್ಲಾಸ್ ಅಗ್ಗ ಮಾಡಿ. ಮೊದಲನೇ ಗ್ಲಾಸ್ ಬಾಯಾರಿಕೆಗೆ, ಎರಡನೇದು ಬಾಯಿ ಚಪಲಕ್ಕೆ. ಅದಕ್ಕೆ ಯಾರು 30 ಕೊಡ್ತಾರೆ? 18 ಅಂದ್ರೆ ಕೊಡಬಹುದು, ನಿಮಗೆ 8 ಉಳಿಯುತ್ತೆ.

ಹಳೇ ಲೆಕ್ಕಿಗ:
ಸೀಮಾಂತ ತುಷ್ಟಿಗುಣ, ಅಂದರೆ ಇನ್ನೊಂದು ಗ್ಲಾಸ್‌ನಿಂದ ಸಿಗುವ ಹೆಚ್ಚುವರಿ ತೃಪ್ತಿ, ಇಳಿಯುವುದು ಅಂದರೆ ಇದೇ! ಒಂದೇ ತೊಡಕು, ಇಬ್ಬರು ಬಂದು ‘ನಂದು ಮೊದಲನೇದು, ಇವಂದು ಎರಡನೇದು’ ಅಂದರೆ 60ರ ಜಾಗದಲ್ಲಿ 48. ಮೊದಲು ಒಂದು ವಾರ ಚೀಟಿಯಲ್ಲಿ ಗುರುತು ಹಾಕಿ: ಒಬ್ಬರೇ ಬಂದವರೆಷ್ಟು, ಅವರಲ್ಲಿ ಎರಡು ಕುಡಿದವರೆಷ್ಟು.

ಗಾಣದಂಗಡಿ:
ಚೀಟಿ ಕೆಲಸ ತಮ್ಮನಿಗೆ ಕೊಟ್ಟಿದ್ದೇನೆ. 25ಕ್ಕೆ ಇಳಿಸೋಣ ಅಂದಿದ್ದಕ್ಕೆ ಅಪ್ಪ ಇನ್ನೂ ಮಾತಾಡಿಲ್ಲ. ಸೋಮವಾರದಿಂದ ಶುರು ಮಾಡಿ ಅಂಕಿ ಇಲ್ಲೇ ಹಾಕುತ್ತೇನೆ.