ಟಾರ್‌ನಲ್ಲಿ ಆನಿಯನ್ ತಾಣಗಳನ್ನು ಹುಡುಕುವುದು ಹೇಗೆ? ಬಳಸಿದವರು ತಿಳಿಸಿ

ಪ್ರಶ್ನೆ, ವಿಜಯಪುರದಿಂದ:
ಪತ್ರಿಕೋದ್ಯಮ ಓದುತ್ತಿದ್ದೇನೆ. ಸುದ್ದಿಮೂಲಗಳ ಗುರುತು ಕಾಪಾಡುವ ಕುರಿತು ಪ್ರಬಂಧ ಬರೆಯಬೇಕು. ಬಳಸುವವರ ಗುರುತು ಮರೆಮಾಡುವ ಟಾರ್ ಬ್ರೌಸರ್ ಹಾಕಿಕೊಂಡಿದ್ದೇನೆ. ಟಾರ್ ಮೂಲಕ ಮಾತ್ರ ತೆರೆಯುವ ಡಾಟ್ ಆನಿಯನ್ ತಾಣಗಳು ಎಲ್ಲಿ ಸಿಗುತ್ತವೆ? ಹಾಸ್ಟೆಲ್ ವೈಫೈನಲ್ಲಿ ಬಳಸಬಹುದೇ? ಯೂಟ್ಯೂಬ್ ನೋಡಿದರೆ ಹೆದರಿಸುವವರೇ ಹೆಚ್ಚು.

ಬೆಳಗಾವಿಯಿಂದ:
ತಂಗೀ, 'ಹಿಡನ್ ವಿಕಿ' ಎಂಬ ಹೆಸರಿನ ಪಟ್ಟಿಗಳಿಂದ ಶುರುಮಾಡಬೇಡಿ. ಅಂಥ ಪಟ್ಟಿಯನ್ನು ಯಾರು ಬೇಕಾದರೂ ಮಾಡಿ ನಡುವೆ ನಕಲಿ ಕೊಂಡಿ ತುರುಕಬಹುದು. ಆನಿಯನ್ ವಿಳಾಸವೆಂದರೆ 56 ಅಕ್ಷರ, ಅಂಕಿಗಳ ಗೋಜಲು. ಅಸಲಿ ವಿಳಾಸದೊಂದಿಗೆ ಮೊದಲ ಕೆಲವು ಅಕ್ಷರ ಮಾತ್ರ ತಾಳೆಯಾಗುವ ವಿಳಾಸವನ್ನು ಮೋಸಗಾರರು ಹುಟ್ಟಿಸುತ್ತಾರೆ. ಉಳಿದದ್ದನ್ನು ಓದುವ ತಾಳ್ಮೆ ಯಾರಿಗಿದೆ?

ನಾನು ನಂಬುವ ಸಂಸ್ಥೆಯ ಮಾಮೂಲಿ ಜಾಲತಾಣವನ್ನೇ ಟಾರ್‌ನಲ್ಲಿ ತೆರೆಯುತ್ತೇನೆ. ಅವರು ಆನಿಯನ್ ತಾಣವನ್ನು ಘೋಷಿಸಿದ್ದರೆ ವಿಳಾಸದ ಸಾಲಿನಲ್ಲೇ ಅದರ ಗುಂಡಿ ಕಾಣುತ್ತದೆ. ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2016ರಲ್ಲಿ, ಬಿಬಿಸಿ 2019ರಲ್ಲಿ ಆನಿಯನ್ ತಾಣ ತೆರೆದವು. ಹುಡುಕಲೇಬೇಕಿದ್ದರೆ ಆನಿಯನ್ ತಾಣಗಳ ಸರ್ಚ್ ಎಂಜಿನ್ ಅಹ್ಮಿಯಾ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತಾಣಗಳನ್ನು ಅದು ಸೋಸಿ ತೆಗೆಯುತ್ತದೆ. ಹಳೆಯ ಮಾರ್ಗದರ್ಶಿಗಳಲ್ಲಿರುವ 16 ಅಕ್ಷರದ ವಿಳಾಸಗಳು 2021ರಲ್ಲೇ ಸತ್ತವು. ನಿಮ್ಮ ಪ್ರಬಂಧಕ್ಕೆ ನಿಜವಾಗಿ ಬೇಕಾದದ್ದು ಸೆಕ್ಯೂರ್‌ಡ್ರಾಪ್. ಸುದ್ದಿಮನೆಗೆ ಗುಟ್ಟಾಗಿ ದಾಖಲೆ ತಲುಪಿಸಲೆಂದೇ ಮಾಡಿದ ವ್ಯವಸ್ಥೆ ಅದು. ಬಳಸುವ ಪತ್ರಿಕೆಗಳ ಪಟ್ಟಿ ಅದರ ತಾಣದಲ್ಲಿಯೇ ಸಿಗುತ್ತದೆ.

ಬಾಗಲಕೋಟೆಯಿಂದ:
ನವನಗರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದೋ ಎಪಿಕೆ, ಅಂದರೆ ಆ್ಯಪ್ ಫೈಲಿನಿಂದ 'ಟಾರ್' ಹಾಕಿಕೊಂಡು ಬರುತ್ತಾರೆ! ಮೊದಲು ಅದನ್ನು ತೆಗೆಸುತ್ತೇನೆ.

ವೈಫೈ ವಿಷಯ. ನೀವು ಯಾವ ತಾಣ ನೋಡಿದಿರಿ ಎಂಬುದು ಹಾಸ್ಟೆಲ್‌ನವರಿಗೆ ಕಾಣುವುದಿಲ್ಲ, ಟಾರ್ ಬಳಸಿದಿರಿ ಎಂಬುದು ಕಾಣಬಹುದು. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳುಹಿಸಿದ. ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈನಲ್ಲಿ ಟಾರ್ ಬಳಸಿದ್ದವರನ್ನು ಹುಡುಕಿದಾಗ ಸಿಕ್ಕಿಬಿದ್ದ. ನಿಮ್ಮದು ಓದು, ಟಾರ್ ಬಳಕೆಯನ್ನೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. ಆದರೂ ವಾರ್ಡನ್‌ಗೆ ಮೊದಲೇ ಹೇಳಿಬಿಡಿ, ತಲೆನೋವು ತಪ್ಪುತ್ತದೆ.

ಟಾರ್‌ನಲ್ಲಿ ಮಾಮೂಲಿ ತಾಣಕ್ಕೆ ಹೋಗುವಾಗ ಮಾಹಿತಿ ಮೂರು ಕೈ, ಅಂದರೆ ನಡುವಿನ ಮೂರು ಕಂಪ್ಯೂಟರ್ ದಾಟುತ್ತದೆ. ಮೊದಲನೆಯವನಿಗೆ ನೀವು ಗೊತ್ತು, ಕೊನೆಯವನಿಗೆ ತಾಣ ಗೊತ್ತು. ಮಾಹಿತಿಯನ್ನು ಗೂಢಲಿಪಿಯಾಗಿಸುವ ಎಚ್‌ಟಿಟಿಪಿಎಸ್ ಆ ತಾಣಕ್ಕೆ ಇಲ್ಲದಿದ್ದರೆ ಗೋಳಗುಮ್ಮಟದಲ್ಲಿ ಪಿಸುಗುಟ್ಟಿದಂತೆಯೇ, ಆ ತುದಿಯವನಿಗೆ ಎಲ್ಲವೂ ಕೇಳಿಸುತ್ತದೆ. 2007ರಲ್ಲಿ ಸ್ವೀಡನ್ನಿನ ತಜ್ಞನೊಬ್ಬ ಹೀಗೆ ಕೊನೆಯಲ್ಲಿ ಕುಳಿತು ಹಲವು ರಾಯಭಾರ ಕಚೇರಿಗಳ ಪಾಸ್‌ವರ್ಡ್ ಹಿಡಿದಿದ್ದ; ಭಾರತದವೂ ಇದ್ದವು. ಆನಿಯನ್ ತಾಣಕ್ಕೆ ಈ ಕೊನೆಯ ಕೈ ಇಲ್ಲ.

ಟಾರ್ ಎಷ್ಟೇ ಗಟ್ಟಿಯಿದ್ದರೂ ಅದರೊಳಗೆ ನಿಮ್ಮ ಜಿಮೇಲ್ ತೆರೆದರೆ ಹೆಸರು ಹೇಳಿಕೊಂಡಂತಾಯಿತು. ಎಕ್ಸ್‌ಟೆನ್ಷನ್ ಸೇರಿಸಬೇಡಿ, ಇಳಿಸಿಕೊಂಡ ಪಿಡಿಎಫ್ ಅನ್ನು ಇಂಟರ್ನೆಟ್ ಆರಿಸಿಯೇ ತೆರೆಯಿರಿ.

ವಿಜಯಪುರದಿಂದ:
ಧನ್ಯವಾದಗಳು ಸರ್. ಜೊತೆಗೆ ವಿಪಿಎನ್ ಬೇಕೇ?

ಬೆಳಗಾವಿಯಿಂದ:
ಬೇಡ. ಹಾಸ್ಟೆಲ್‌ನವರ ಬದಲು, ನಿಮ್ಮ ಸಂಪರ್ಕವನ್ನು ತನ್ನ ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಕಂಪನಿಯನ್ನು ನಂಬಬೇಕಾಗುತ್ತದೆ, ಅಷ್ಟೇ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದಾಗ ಕೆಲವು ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಆ ಹಣದಲ್ಲಿ ಒಂದು ಪೆನ್‌ಡ್ರೈವ್ ಕೊಂಡು, ಅದರಿಂದಲೇ ಓಡುವ ಟೇಲ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ.