ಸಿಬಿ ಗೂಡಿನ ಚಿಟ್ಟೆಯಿಂದ ನಾವೇ ಮೊಟ್ಟೆ ಮಾಡಿಸಿದರೆ ಮುಂದಿನ ಬೆಳೆ ಏಕೆ ಏರುಪೇರಾಗುತ್ತದೆ?

ಪ್ರಶ್ನೆ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಜಂಗಮಕೋಟೆ ಹೋಬಳಿ. ನಾವು ಬಹುಕಾಲದಿಂದ ಮೇಯಿಸುತ್ತಿರುವುದು ಸಿಬಿ ಹುಳುವನ್ನು, ಅಂದರೆ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಸಿಎಸ್‌ಆರ್-2 ತಳಿಯ ಗಂಡು ಚಿಟ್ಟೆಯನ್ನು ಕೂಡಿಸಿ ಪಡೆದ ಮಿಶ್ರತಳಿಯನ್ನು. ಮೈಸೂರು ತಳಿಯ ಗೂಡು ಹಳದಿ, ಸಿಎಸ್‌ಆರ್-2 ತಳಿಯದು ಅಚ್ಚ ಬಿಳಿ. ಆದರೆ ಇವೆರಡರ ಮಕ್ಕಳಾದ ನಮ್ಮ ಹುಳುಗಳು ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಹುಳು ಬಿಡುವ ತಟ್ಟಿಯಲ್ಲಿ, ಕಟ್ಟುವ ಗೂಡೆಲ್ಲ ಹಳದಿಯೇ; ಹುಡುಕಿದರೂ ಬಿಳಿ ಗೂಡು ಸಿಗುವುದಿಲ್ಲ.

ನಮ್ಮ ಚಿಕ್ಕಪ್ಪನವರು ಹಿಂದೆ ಒಂದು ಬೆಳೆಯ ಗಟ್ಟಿ ಗೂಡುಗಳನ್ನು ಆರಿಸಿ ಉಳಿಸಿಕೊಂಡು, ಅವುಗಳಿಂದ ಹೊರಬಂದ ಚಿಟ್ಟೆಗಳನ್ನು ತಮ್ಮತಮ್ಮಲ್ಲೇ ಕೂಡಿಸಿ ಮೊಟ್ಟೆ ಮಾಡಿಸಿದ್ದರು. ಮುಂದಿನ ಬೆಳೆಯಲ್ಲಿ ಹಳದಿಯ ನಡುವೆ ಬಿಳಿ ಗೂಡುಗಳು ಕಾಣಿಸಿಕೊಂಡವು, ಗಾತ್ರವೂ ಒಂದೊಂದು ಬಗೆಯಾಯಿತು, ಹುಳುಗಳು ಒಟ್ಟಿಗೆ ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಹೋಗಲಿಲ್ಲ, ಒಟ್ಟಿಗೆ ಹಣ್ಣಾಗಲೂ (ಗೂಡು ಕಟ್ಟಲು ಸಿದ್ಧವಾಗಲೂ) ಇಲ್ಲ. ತಂದೆಯ ಬಿಳಿ ಬಣ್ಣ ಮಕ್ಕಳಲ್ಲಿ ಎಲ್ಲಿಗೆ ಹೋಗಿರುತ್ತದೆ, ಮೊಮ್ಮಕ್ಕಳಲ್ಲಿ ಎಲ್ಲಿಂದ ಬರುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಯಾವಾಗಲೂ ಮೈಸೂರು ತಳಿಯನ್ನೇ ಹೆಣ್ಣಾಗಿ ಇಟ್ಟುಕೊಳ್ಳುತ್ತಾರೆ. ತಾಯಿ ತಂದೆಯರಿಂದ ಮಕ್ಕಳಿಗೆ ಅರ್ಧರ್ಧ ಬರುವುದಾದರೆ ಯಾರು ಹೆಣ್ಣು, ಯಾರು ಗಂಡು ಎಂಬುದರಿಂದ ಏನು ವ್ಯತ್ಯಾಸ ಎಂಬುದು ಎರಡನೆಯದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಜೀವಶಾಸ್ತ್ರ ಉಪನ್ಯಾಸಕಿ, ಕೋಲಾರ

ನಿಮ್ಮ ಚಿಕ್ಕಪ್ಪನವರು ಕಂಡದ್ದನ್ನೇ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡು, ಎಣಿಸಿ, 1866ರಲ್ಲಿ ಪ್ರಕಟಿಸಿದರು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡಾಗಿಯೇ ಇದ್ದವು. ಆ ಪೀಳಿಗೆಯ ಗಿಡಗಳು ಸ್ವಪರಾಗಸ್ಪರ್ಶದಿಂದ ಕೊಟ್ಟ ಎರಡನೆಯ ಪೀಳಿಗೆಯಲ್ಲಿ 5,474 ದುಂಡು ಕಾಳುಗಳೂ 1,850 ಸುಕ್ಕು ಕಾಳುಗಳೂ ದೊರೆತವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮರೆಯಾಗಿದ್ದ ಸುಕ್ಕು ಒಂದಿಷ್ಟೂ ಮಾಸದೆ, ಅಜ್ಜ ಗಿಡದಲ್ಲಿದ್ದಂತೆಯೇ ಮರಳಿ ಬಂದಿತ್ತು. ತಾಯಿ ತಂದೆಯರ ಗುಣಗಳು ಮಕ್ಕಳಲ್ಲಿ ಕರಗಿ ಒಂದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ರಾಗಿಯೊಂದಿಗೆ ಸಾಸಿವೆ ಬೆರೆತರೂ ಜರಡಿ ಹಿಡಿದಾಗ ಎರಡೂ ಬೇರೆಬೇರೆಯಾಗಿ ಸಿಗುವಂತೆ, ಅವು ಬೆರೆತಿದ್ದರೂ ತಮ್ಮತನವನ್ನು ಉಳಿಸಿಕೊಂಡೇ ಇರುತ್ತವೆ.

ಪ್ರತಿ ಹುಳುವಿನ ದೇಹದಲ್ಲಿ ಒಂದು ಗುಣಕ್ಕೆ ಸಂಬಂಧಿಸಿದ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ನಿಮ್ಮ ಸಿಬಿ ಹುಳುವಿನಲ್ಲಿ ತಾಯಿಯ ಹಳದಿ ಪ್ರತಿಯೂ ತಂದೆಯ ಬಿಳಿ ಪ್ರತಿಯೂ ಇವೆ, ಆದರೆ ಹಳದಿ ಪ್ರಬಲವಾದ್ದರಿಂದ ಗೂಡಿನಲ್ಲಿ ಅದೊಂದೇ ಕಾಣುತ್ತದೆ. ಈ ಹುಳು ಚಿಟ್ಟೆಯಾಗಿ ಅಂಡವನ್ನೋ ವೀರ್ಯಾಣುವನ್ನೋ ರೂಪಿಸುವಾಗ ಎರಡು ಪ್ರತಿಗಳು ಬೇರ್ಪಟ್ಟು, ಅರ್ಧ ಅಂಡಗಳಿಗೆ ಹಳದಿಯೂ ಉಳಿದರ್ಧಕ್ಕೆ ಬಿಳಿಯೂ ಹೋಗುತ್ತದೆ. ಇಂತಹ ಎರಡು ಚಿಟ್ಟೆಗಳನ್ನು ಕೂಡಿಸಿದಾಗ ಎರಡೂ ಕಡೆಯಿಂದ ಬಿಳಿ ಪ್ರತಿಯೇ ಬಂದು ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಹುಳು ಕಟ್ಟುವುದೇ ನಿಮ್ಮ ಚಿಕ್ಕಪ್ಪನವರನ್ನು ಬೆರಗುಗೊಳಿಸಿದ ಬಿಳಿ ಗೂಡು.

ಮೆಂಡೆಲ್ ಅವರ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆ ಎಂದು ಬಹಳ ಮೊದಲೇ ತೋರಿಸಿಕೊಟ್ಟವರಲ್ಲಿ ಜಪಾನಿನ ತೊಯಾಮಾ ಕಮೆತಾರೊ ಒಬ್ಬರು, ಮತ್ತು ಅವರು ಬಳಸಿದ್ದು ರೇಷ್ಮೆ ಹುಳುವನ್ನೇ. ಸಯಾಮಿನ (ಇಂದಿನ ಥಾಯ್ಲೆಂಡಿನ) ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಸಂಕರ ಮಾಡಿದ ಫಲಿತಾಂಶವನ್ನು ಅವರು 1906ರಲ್ಲಿ ಪ್ರಕಟಿಸಿದರು. ಬೆಳೆಗಾರರಿಗೆ ಮೊದಲ ಪೀಳಿಗೆಯ ಮಿಶ್ರತಳಿಯನ್ನೇ ಕೊಡಬೇಕೆಂದು ಸಲಹೆ ಮಾಡಿದವರೂ ಅವರೇ. ನಮ್ಮ ಜಿಲ್ಲೆಗಳ ಮಕ್ಕಳು ಪರೀಕ್ಷೆಗಾಗಿ ಬಟಾಣಿಯ ಕಥೆಯನ್ನು ಬಾಯಿಪಾಠ ಮಾಡುತ್ತಾರೆ, ಆದರೆ ತಮ್ಮ ಮನೆಯ ಹುಳುಮನೆಯಲ್ಲೇ ಅದೇ ನಿಯಮ ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ ಎಂಬ ಕೊರಗು ನನಗಿದೆ.

ಒಂದು ಎಚ್ಚರಿಕೆಯ ಮಾತು. ಗೂಡಿನ ಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಒಂದಕ್ಕಿಂತ ಹೆಚ್ಚಿವೆ, ಕೆಲವು ಬಿಳಿ ತಳಿಗಳಲ್ಲಿ ಬಿಳಿಯೇ ಪ್ರಬಲವಾಗಿರುವುದೂ ಉಂಟು. ಆದ್ದರಿಂದ ಎಣಿಸಿದಾಗ ಎಲ್ಲ ಸಂಕರಗಳಲ್ಲೂ ಮೂರಕ್ಕೆ ಒಂದೇ ಬರಬೇಕೆಂದಿಲ್ಲ.

ಗಾತ್ರದ ಏರುಪೇರಿನ ಕಾರಣ ಇನ್ನೂ ಆಳದಲ್ಲಿದೆ. ಗೂಡಿನ ತೂಕ, ನೂಲಿನ ಉದ್ದ, ಹುಳು ಹಣ್ಣಾಗಲು ಬೇಕಾದ ದಿನಗಳು, ರೋಗ ತಾಳುವ ಶಕ್ತಿ ಇವೆಲ್ಲವನ್ನೂ ಅನೇಕ ವಂಶವಾಹಿಗಳು ಕೂಡಿ ನಿರ್ಧರಿಸುತ್ತವೆ. ರೇಷ್ಮೆ ಹುಳುವಿಗೆ 28 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಿಂದ ಯಾವುದಾದರೂ ಒಂದು ಅಂಡಕ್ಕೆ ಹೋಗುವುದರಿಂದ, ಒಂದು ಸಿಬಿ ಚಿಟ್ಟೆಯು ತನ್ನ ತಾಯಿ ತಂದೆಯರಿಂದ ಬಂದ ವರ್ಣತಂತುಗಳನ್ನು 26 ಕೋಟಿಗೂ ಹೆಚ್ಚು ಬಗೆಗಳಲ್ಲಿ ಹಂಚಬಲ್ಲದು. ಶುದ್ಧ ಮೈಸೂರು ತಳಿಯ ಚಿಟ್ಟೆಯಲ್ಲಿ ಎರಡೂ ಪ್ರತಿಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಹೇಗೆ ಹಂಚಿದರೂ ವ್ಯತ್ಯಾಸ ಕಾಣುವುದಿಲ್ಲ, ಸಿಎಸ್‌ಆರ್-2 ತಳಿಯಲ್ಲೂ ಹಾಗೆಯೇ. ಹೀಗಾಗಿ ಇವೆರಡರ ಮಕ್ಕಳೆಲ್ಲರಿಗೂ ಒಂದೇ ಬಗೆಯ ಪಾಲು ಸಿಕ್ಕಿ ಬೆಳೆ ಸಮವಾಗಿ ಬರುತ್ತದೆ. ಆ ಮಕ್ಕಳ ಒಳಗಾದರೋ ಪ್ರತಿ ಜೊತೆಯಲ್ಲೂ ಎರಡು ಬೇರೆಬೇರೆ ಪ್ರತಿಗಳಿರುತ್ತವೆ. ಅವರು ಹಂಚತೊಡಗಿದಾಗ ಒಂದು ಮೊಟ್ಟೆಗೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ನಿಮ್ಮ ಗೂಡಿಗೆ ಬೆಲೆ ತರುವ ಸಮಾನತೆಗೆ ಯಾವುದು ಕಾರಣವೋ, ಮುಂದಿನ ಪೀಳಿಗೆಯ ಅಸಮಾನತೆಗೂ ಅದೇ ಕಾರಣ. ಇದರ ಜೊತೆಗೆ, ಎರಡು ದೂರದ ತಳಿಗಳ ಸಂಕರದಿಂದ ಬಂದ ಹೆಚ್ಚುವರಿ ಕಸುವು ಮೊದಲ ಪೀಳಿಗೆಯಲ್ಲಿ ತುಂಬಿರುತ್ತದೆ, ಎರಡನೆಯದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಪ್ರಶ್ನೆಗೆ ಬಿತ್ತನೆಯ ಕೆಲಸ ಬಲ್ಲವರು ಉತ್ತರಿಸುವುದೇ ಚೆನ್ನ.

ಉತ್ತರ 2: ಬಿತ್ತನೆ ಗೂಡು ಬೆಳೆಗಾರ, ಕುಣಿಗಲ್

ಮೇಡಂ ಅವರ ಮಾತಿನಿಂದಲೇ ಮುಂದುವರಿಸುತ್ತೇನೆ. ಮಾಗಡಿ, ಕುಣಿಗಲ್ ಕಡೆ ನಾವು ಮೈಸೂರು ಶುದ್ಧ ತಳಿಯನ್ನು ಬಿತ್ತನೆಗಾಗಿಯೇ ಬೆಳೆಯುತ್ತೇವೆ. ಇದರ ಒಂದು ಗೂಡಿನ ಎಳೆ ಸುಮಾರು 400 ಮೀಟರ್ ಇದ್ದರೆ ಹೆಚ್ಚು, ಸಿಎಸ್‌ಆರ್ ತಳಿಗಳ ಎಳೆ ಸಾವಿರ ಮೀಟರ್‌ಗೆ ಹತ್ತಿರವೋ ಅದಕ್ಕೂ ಮೇಲೋ ಇರುತ್ತದೆ. ಆದರೆ ನಮ್ಮ ಬಿಸಿಲನ್ನೂ ಸೊಪ್ಪಿನ ಕೊರತೆಯನ್ನೂ ತಾಳಿಕೊಳ್ಳುವ ಗುಣ ಮೈಸೂರು ತಳಿಯದು. ಎರಡನ್ನೂ ಕೂಡಿಸಿದ ಮಿಶ್ರತಳಿಯನ್ನೇ ಕೋಲಾರ ಗೋಲ್ಡ್ ಎಂದು ಕರೆಯುತ್ತಾರೆ.

ಮೈಸೂರು ತಳಿಯೇ ಹೆಣ್ಣಾಗಿರಬೇಕು ಎಂಬುದಕ್ಕೆ ಕಾರಣ ಮೊಟ್ಟೆಯ ನಿದ್ರೆ. ಮೈಸೂರು ತಳಿ ಬಹುಸಂತತಿಯದು, ಅಂದರೆ ವರ್ಷದಲ್ಲಿ ಹಲವು ಪೀಳಿಗೆ ಕಾಣುವಂಥದು. ಅದರ ಮೊಟ್ಟೆ ಸುಮಾರು 10 ದಿನಗಳಲ್ಲಿ ಒಡೆದು ಮರಿಯಾಗುತ್ತದೆ. ಸಿಎಸ್‌ಆರ್-2 ದ್ವಿಸಂತತಿ ತಳಿ, ಅಂದರೆ ಸಹಜವಾಗಿ ವರ್ಷಕ್ಕೆ ಎರಡು ಪೀಳಿಗೆಯದು. ಸಾಮಾನ್ಯವಾಗಿ ಅದರ ಹೆಣ್ಣು ಇಡುವ ಮೊಟ್ಟೆಗಳು ನಿದ್ರೆಗೆ ಹೋಗುತ್ತವೆ. ತಿಂಗಳುಗಟ್ಟಲೆ ತಂಪಿನಲ್ಲಿಟ್ಟೋ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿಯೋ ಅವನ್ನು ಎಬ್ಬಿಸಬೇಕು. ಮೊಟ್ಟೆ ಮಲಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಮೊಟ್ಟೆಯೊಳಗಿನ ಮರಿಯ ವಂಶವಾಹಿಗಳಲ್ಲ, ತಾಯಿಯ ದೇಹ. ಕೋಶಾವಸ್ಥೆಯಲ್ಲಿರುವ ತಾಯಿಯ ತಲೆಯ ಬಳಿಯ ನರಗ್ರಂಥಿಯೊಂದು ಸ್ರವಿಸುವ ಹಾರ್ಮೋನು ಅವಳ ಅಂಡಗಳನ್ನು ಸೇರಿ ನಿದ್ರೆಗೆ ಕಾರಣವಾಗುತ್ತದೆ. ಆದ್ದರಿಂದ ಹೆಣ್ಣು ಮೈಸೂರು ತಳಿಯದಾದರೆ, ಗಂಡು ಯಾವುದೇ ಇದ್ದರೂ, ಮೊಟ್ಟೆ ನಿದ್ರೆಯಿಲ್ಲದೆ ಒಡೆಯುತ್ತದೆ. ತಿರುವುಮುರುವಾದರೆ, ಮರಿಗಳಿಗೆ ಬರುವ ಪಾಲು ಹೆಚ್ಚುಕಡಿಮೆ ಅದೇ ಆಗಿದ್ದರೂ, ಮೊಟ್ಟೆ ಮಲಗಿಬಿಡುತ್ತದೆ. ಮಿಶ್ರತಳಿಯ ಹೆಣ್ಣಿನಿಂದ ಮೊಟ್ಟೆ ಮಾಡಿಸಿದರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆಂಬ ಭರವಸೆ ಇರುವುದಿಲ್ಲ.

ವಂಶದಿಂದ ಬಾರದೆಯೂ ತಾಯಿಯಿಂದ ಬರುವ ಇನ್ನೊಂದು ಸಂಗತಿ ಗಂಟು ರೋಗ. ಅದು ನೊಸೆಮಾ ಎಂಬ ಸೂಕ್ಷ್ಮಜೀವಿಯ ಸೋಂಕು. ತಾಯಿ ಚಿಟ್ಟೆಯ ದೇಹದಿಂದ ಮೊಟ್ಟೆಯೊಳಕ್ಕೇ ಇಳಿಯುತ್ತದೆ. ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಇದಕ್ಕೆ ಕಂಡುಕೊಂಡ ದಾರಿಯನ್ನೇ ನಮ್ಮ ಕೋಠಿಗಳಲ್ಲೂ ಅನುಸರಿಸುತ್ತಾರೆ: ಕೂಡಿದ ಜೋಡಿಯನ್ನು ಕೆಲವು ಗಂಟೆಗಳ ಬಳಿಕ ಬಿಡಿಸಿ, ಹೆಣ್ಣನ್ನು ಕಾಗದದ ಮೇಲೆ ಮೊಟ್ಟೆಯಿಡಲು ಬಿಟ್ಟು, ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು ಅದರ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ಮನೆಯಲ್ಲಿ ಮೊಟ್ಟೆ ಮಾಡಿಸಿದರೆ ಈ ಪರೀಕ್ಷೆ ತಪ್ಪಿಹೋಗಿ, ಅಕ್ಕಪಕ್ಕದವರ ಹುಳುಮನೆಗೂ ರೋಗ ಹರಡಬಹುದು. ಪರವಾನಗಿಯಿಲ್ಲದೆ ಬಿತ್ತನೆ ತಯಾರಿಸುವುದನ್ನು ನಮ್ಮ ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ ಎಂಬುದೂ ನೆನಪಿರಲಿ.

ಉತ್ತರ 3: ಪ್ರೌಢಶಾಲಾ ಶಿಕ್ಷಕ, ಚಿಂತಾಮಣಿ

ತಾಯಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. ರೇಷ್ಮೆ ಹುಳುವಿನಲ್ಲಿ ಹುಟ್ಟುವುದು ಹೆಣ್ಣೋ ಗಂಡೋ ಎಂಬುದು ತಾಯಿಯ ಅಂಡದಿಂದ ನಿರ್ಧಾರವಾಗುತ್ತದೆ, ಏಕೆಂದರೆ ಎರಡು ಬಗೆಯ ಲಿಂಗ ವರ್ಣತಂತುಗಳಿರುವುದು ಹೆಣ್ಣಿನಲ್ಲಿ. ಮನುಷ್ಯರಲ್ಲಿ ಇದಕ್ಕೆ ತಿರುಗುಮುರುಗು: ತಾಯಿ ಎಲ್ಲ ಮಕ್ಕಳಿಗೂ ಎಕ್ಸ್ ವರ್ಣತಂತುವನ್ನೇ ಕೊಡುತ್ತಾಳೆ, ಎಕ್ಸ್ ಅಥವಾ ವೈ ಕೊಡುವವನು ತಂದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ನೋಯಿಸುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇರುವುದರಿಂದ ಈ ಪಾಠವನ್ನು ನಾನು ತರಗತಿಯಲ್ಲಿ ಅವಸರದಿಂದ ಮುಗಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಡಂ, ಎರಡನೆಯ ಪೀಳಿಗೆಯಲ್ಲಿ ಬಂದ ಹಳದಿ ಗೂಡುಗಳನ್ನು ಮಾತ್ರ ಆರಿಸಿ ಮುಂದುವರಿಸಿದರೆ ಬಿಳಿ ಅಳಿದುಹೋಗುವುದಿಲ್ಲವೇ? ಮತ್ತು ಒಳ್ಳೆಯ ಸೊಪ್ಪು ಕೊಟ್ಟು ಗೂಡು ದಪ್ಪವಾದರೆ ಆ ಗುಣ ಅದರ ಮಕ್ಕಳಿಗೆ ಇಳಿಯುತ್ತದೆಯೇ?

ಉತ್ತರ 4: ಜೀವಶಾಸ್ತ್ರ ಉಪನ್ಯಾಸಕಿ, ಕೋಲಾರ

ಬಿಳಿ ಬೇಗನೆ ಅಳಿಯುವುದಿಲ್ಲ. ಸರಳವಾದ ಮೂರಕ್ಕೆ ಒಂದರ ಸಂದರ್ಭವನ್ನೇ ತೆಗೆದುಕೊಂಡರೂ, ಎರಡನೆಯ ಪೀಳಿಗೆಯ ಪ್ರತಿ ಮೂರು ಹಳದಿ ಗೂಡುಗಳಲ್ಲಿ ಎರಡರೊಳಗೆ ಬಿಳಿ ಪ್ರತಿ ಅಡಗಿಯೇ ಇರುತ್ತದೆ, ಮತ್ತು ಗೂಡನ್ನು ಎಷ್ಟು ಹೊತ್ತು ಬೆಳಕಿಗೆ ಹಿಡಿದು ನೋಡಿದರೂ ಅದು ತಿಳಿಯುವುದಿಲ್ಲ. ಆ ಚಿಟ್ಟೆಯನ್ನು ಬಿಳಿ ತಳಿಯ ಚಿಟ್ಟೆಯೊಂದಿಗೆ ಕೂಡಿಸಿ ಮಕ್ಕಳ ಗೂಡುಗಳನ್ನು ನೋಡಬೇಕು: ಎಲ್ಲವೂ ಹಳದಿಯಾದರೆ ಅದು ಶುದ್ಧ, ಅರ್ಧ ಬಿಳಿ ಬಂದರೆ ಅಡಗಿದ ಪ್ರತಿ ಇತ್ತು ಎಂದರ್ಥ. ಒಂದು ಬಣ್ಣಕ್ಕೇ ಇಷ್ಟು ಶ್ರಮವಾದರೆ, ನೂಲಿನ ಉದ್ದದಂತಹ ಗುಣಗಳನ್ನು ನೆಲೆಗೊಳಿಸಲು ಹಲವು ಪೀಳಿಗೆಗಳ ಆಯ್ಕೆ ಬೇಕು. ಹತ್ತಿರದ ಸಂಬಂಧದಲ್ಲೇ ಕೂಡಿಸುತ್ತ ಹೋಗುವುದರಿಂದ ಹುಳುಗಳ ಕಸುವೂ ಕುಗ್ಗುತ್ತದೆ.

ಸೊಪ್ಪಿನಿಂದ ಬಂದ ದಪ್ಪ ಮಕ್ಕಳಿಗೆ ಇಳಿಯುವುದಿಲ್ಲ. ಆದರೆ ಸೊಪ್ಪಿಗೂ ವಂಶಕ್ಕೂ ಇರುವ ನಂಟನ್ನು ಗೂಡಿನ ಬಣ್ಣದಲ್ಲಿಯೇ ಕಾಣಬಹುದು. ಹಳದಿ ಗೂಡು ಕಟ್ಟುವ ಎಷ್ಟೋ ತಳಿಗಳಲ್ಲಿ ಆ ಬಣ್ಣ ಹಿಪ್ಪುನೇರಳೆ ಎಲೆಯ ಕ್ಯಾರೊಟಿನಾಯ್ಡ್‌ಗಳಿಂದ ಬರುತ್ತದೆ. ಹುಳು ಅದನ್ನು ತಾನಾಗಿ ತಯಾರಿಸುವುದಿಲ್ಲ. ಬಿಳಿ ಗೂಡಿನ ಹುಳು ತಿನ್ನುವುದೂ ಅದೇ ತೋಟದ ಅದೇ ಎಲೆಯನ್ನೇ. ಎಲೆಯ ಬಣ್ಣವನ್ನು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಸಾಗಿಸುವ ಪ್ರೋಟೀನುಗಳನ್ನು ತಯಾರಿಸಲು ಬೇಕಾದ ಸೂಚನೆ ಹಳದಿ ತಳಿಯ ವಂಶವಾಹಿಗಳಲ್ಲಿದೆ, ಬಿಳಿ ತಳಿಯಲ್ಲಿ ಆ ಸರಪಳಿಯ ಯಾವುದೋ ಕೊಂಡಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಒಂದು ಪ್ರತಿ ಇದ್ದರೂ ಸಾಗಣೆ ನಡೆಯುವುದರಿಂದಲೇ ಹಳದಿ ಪ್ರಬಲವಾಗಿ ಕಾಣುತ್ತದೆ. ತೋಟಕ್ಕೆ ಗೊಬ್ಬರ ನೀರು ಚೆನ್ನಾಗಿ ಕೊಟ್ಟರೆ ಈ ಬೆಳೆಯ ಗೂಡು ಖಂಡಿತ ಉತ್ತಮವಾಗುತ್ತದೆ, ಆದರೆ ಮುಂದಿನ ಬೆಳೆಯ ಹುಳುಗಳಿಗೂ ಅಷ್ಟೇ ಒಳ್ಳೆಯ ಸೊಪ್ಪನ್ನು ನೀವು ಮತ್ತೆ ಕೊಡಲೇಬೇಕು.