ದ್ವೀಪ ಸುತ್ತುವ ಬೋಟ್ ಪ್ರವಾಸ: ಮೊದಲ ದಿನ ಏನೇನಿರುತ್ತೆ?

ಪ್ರಶ್ನೆ: ಒಂದು ವಾರದ ಪ್ರವಾಸ, ರಾತ್ರಿ ಮಲಗೋದೂ ಬೋಟಿನಲ್ಲೇ. ಹತ್ತಿದ ದಿನ ಏನು ನಡೆಯುತ್ತೆ? ಲಗೇಜ್ ಹೇಗಿರಬೇಕು?

ಕಡಲಹಕ್ಕಿ: ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಹತ್ತಿಸಿಕೊಳ್ಳುತ್ತಾರೆ. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ, ಕ್ಯಾಬಿನ್‌ನಲ್ಲಿ ಇಡಲು ಜಾಗವಿರಲ್ಲ. ಮಡಚಿಡಬಹುದಾದ ಬಟ್ಟೆಯ ಬ್ಯಾಗ್ ತನ್ನಿ. ಚಪ್ಪಲಿ ಹತ್ತುವಾಗಲೇ ಬಿಚ್ಚಬೇಕು. ಆಮೇಲೆ ಕ್ಯಾಪ್ಟನ್ ಸುರಕ್ಷತೆಯ ವಿಷಯ ಹೇಳುತ್ತಾರೆ. ಲೈಫ್ ಜಾಕೆಟ್ ಎಲ್ಲಿದೆ ಅಂತ ಕೇಳಿ ಸುಮ್ಮನಾಗಬೇಡಿ, ಒಮ್ಮೆ ತೊಟ್ಟು ಪಟ್ಟಿ ಬಿಗಿಸಿ ನೋಡಿ. ಮೊದಲ ದಿನದ ಪಯಣ ಹೆಚ್ಚಾಗಿ ಚಿಕ್ಕದು: ಹತ್ತಿರದ ಕೊಲ್ಲಿಗೆ ಹೋಗಿ ಲಂಗರು, ಈಜು, ಊಟ.

ಅಲೆಗಾರ: ಟಾಯ್ಲೆಟ್ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಪೈಪು ಸಣ್ಣದು, ಪೇಪರ್ ಹಾಕಿದರೆ ಕಟ್ಟಿಕೊಳ್ಳುತ್ತೆ. ಪಕ್ಕದ ಬುಟ್ಟಿಗೇ ಹಾಕಿ. ಸಿಹಿನೀರು ಟ್ಯಾಂಕಿನಲ್ಲಿದ್ದಷ್ಟೇ, ಹಾಗಾಗಿ ಸ್ನಾನ ಎರಡು ನಿಮಿಷದಲ್ಲಿ ಮುಗಿಸಿ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ. ಎಷ್ಟೋ ಬೋಟುಗಳಲ್ಲಿ ಪ್ಲಗ್ ಪಾಯಿಂಟ್‌ಗೆ ಕರೆಂಟ್ ಬರೋದು ಜನರೇಟರ್ ಓಡುವಾಗ ಮಾತ್ರ. ಪವರ್ ಬ್ಯಾಂಕ್ ಇರಲಿ.

ಕಡಲಹಕ್ಕಿ: ವಾಂತಿಯ ಮಾತ್ರೆ ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ ತಗೊಳ್ಳಿ, ತಲೆ ಸುತ್ತಲು ಶುರುವಾದ ಮೇಲೆ ಅಷ್ಟು ಕೆಲಸ ಮಾಡಲ್ಲ. ಬೇರೆ ಔಷಧಿ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿ. ಹೊಟ್ಟೆ ತೊಳಸಿದರೆ ಕೆಳಗೆ ಹೋಗಿ ಮಲಗಬೇಡಿ. ಡೆಕ್ ಮೇಲೆ, ಬೋಟಿನ ನಡುಭಾಗದಲ್ಲಿ ಕೂತು ದಿಗಂತ ನೋಡಿ.

ತೀರವಾಸಿ: ದಡಕ್ಕೆ ಸಣ್ಣ ರಬ್ಬರ್ ದೋಣಿಯಲ್ಲಿ ಬಿಡುತ್ತಾರೆ, ಮೊಣಕಾಲುದ್ದ ನೀರಿಗೆ ಇಳಿಯಬೇಕಾಗಬಹುದು. ಫೋನ್, ಪಾಸ್‌ಪೋರ್ಟ್ ನೀರು ಹೋಗದ ಚೀಲದಲ್ಲಿರಲಿ. ಗಾಳಿ ಜೋರಾದರೆ ಕ್ಯಾಪ್ಟನ್ ದ್ವೀಪಗಳ ಕ್ರಮ ಬದಲಿಸುತ್ತಾರೆ, ಅದಕ್ಕೆ ವಾದಿಸಬೇಡಿ.